ಮನೆಯವರೇ ನಡೆಸುವ ಬೇಸಿಗೆ ಶಿಬಿರ ಮೂರು ತಲೆಮಾರು ಬಾಳುವುದು ಹೇಗೆ?

ಶಿಬಿರಕ್ಕೆಂದೇ ಹೆಚ್ಚಿನ ಖರ್ಚು ಇಲ್ಲದಿರುವುದರಿಂದ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಸಂಗೀತವನ್ನೋ ಚಿತ್ರಕಲೆಯನ್ನೋ ವರ್ಷವಿಡೀ ಹೇಳಿಕೊಡುವ ಮನೆಗಳಿವೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿತ್ತೆಂದರೆ ಅದೇ ನಡುಮನೆಯಲ್ಲಿ ಇನ್ನೆರಡು ಚಾಪೆ ಹಾಸಿದರಾಯಿತು, ಶಿಬಿರ ಶುರು. ಬಾಡಿಗೆಯಿಲ್ಲ, ಸಂಬಳವಿಲ್ಲ. ಅಜ್ಜ ತಾಳ ಹಾಕುತ್ತಾರೆ, ಸೊಸೆ ಪಾನಕ ಮಾಡುತ್ತಾರೆ, ಮೊಮ್ಮಗ ಚಿಕ್ಕವರ ಗುಂಪು ನೋಡಿಕೊಳ್ಳುತ್ತಾನೆ. ಹಾಗೆ ನೋಡಿಕೊಳ್ಳುತ್ತಲೇ ಅವನು ಮುಂದಿನ ಮೇಷ್ಟ್ರಾಗಿಬಿಡುತ್ತಾನೆ, ಗುಟ್ಟು ಇರುವುದು ಇಲ್ಲೇ. ಹಳೇ ಶಿಷ್ಯರು ತಮ್ಮ ಮಕ್ಕಳನ್ನೂ ಕಳಿಸುವುದರಿಂದ ಜಾಹೀರಾತೂ ಬೇಡ.

ಮೈಸೂರಿನ ನಾಟಕ ಸಂಸ್ಥೆ ರಂಗಾಯಣ ಮಕ್ಕಳಿಗೆಂದು ನಡೆಸುವ ಬೇಸಿಗೆ ಶಿಬಿರ ಚಿನ್ನರ ಮೇಳದ ಲೆಕ್ಕ ಬೇರೆ. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ರಂಗಾಯಣ, ನಿರ್ದೇಶಕರು ಬದಲಾದರೂ ಸಂಸ್ಥೆ ಇರುತ್ತದೆ. ಮನೆ ಶಿಬಿರಕ್ಕೆ ಆ ಆಸರೆಯಿಲ್ಲ. ಮೊಮ್ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ವರ್ಷ ಚಾಪೆ ಅಟ್ಟ ಸೇರುತ್ತದೆ.