ಮಾತ್ರೆ ಹಾಕ್ತಾನೇ ಇದ್ದರೂ ಪೂಲ್ ಯಾಕೆ ಹಸಿರಾಗುತ್ತೆ?

ಹೊರದೇಶಕ್ಕೆ ಹೊಸದಾಗಿ ಬಂದಿದ್ದೀರಿ. ಬಾಡಿಗೆ ಮನೆಯ ಹಿತ್ತಲಲ್ಲಿ ಈಜುಕೊಳ ಇದೆ. ತೇಲುವ ಡಬ್ಬಿಗೆ ಕ್ಲೋರಿನ್ ಮಾತ್ರೆ ತುಂಬಿಸ್ತಾನೇ ಇದ್ದೀರಿ, ಟೆಸ್ಟ್ ಪಟ್ಟಿ ನೀರಿಗೆ ಅದ್ದಿದರೆ ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು) ತೋರಿಸುತ್ತೆ, ಆದರೂ ಗೋಡೆಗೆ ಪಾಚಿ ಹಿಡೀತಿದೆ. ಪೂಲ್ ಇರೋ ಮನೆ ಹಿಡಿದಿದ್ದೇ ತಪ್ಪಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಾನು ಇಲ್ಲಿ ನೆಲೆಸಿ ಬಹಳ ಕಾಲವಾಯ್ತು, ಪೂಲ್ ಕೆಲಸವನ್ನೂ ನಾನೇ ಮಾಡಿಕೊಳ್ಳುತ್ತೇನೆ. ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅನುಮಾನ ಪೂರ್ತಿ ಸ್ಟೆಬಿಲೈಸರ್ ಮೇಲೆ.

ಸ್ಟೆಬಿಲೈಸರ್ ಅಂದರೆ ಸಯನ್ಯೂರಿಕ್ ಆಸಿಡ್. ಬರೀ ಕ್ಲೋರಿನ್ ಬಿಸಿಲಿಗೆ ನಿಲ್ಲುವುದಿಲ್ಲ. ಸುಡು ಬಿಸಿಲಿನಲ್ಲಿ ಎರಡು ಗಂಟೆಯೊಳಗೆ ಬಹುಪಾಲು ಹಾಳಾಗಿಬಿಡುತ್ತದೆ. ಸ್ಟೆಬಿಲೈಸರ್ ಅದಕ್ಕೆ ಕೊಡೆ ಹಿಡಿದ ಹಾಗೆ. ಆದರೆ ಇದಕ್ಕೂ ಒಂದು ಬೆಲೆ ಇದೆ. ಕ್ಲೋರಿನ್ನಿನ ಬಹುಪಾಲನ್ನು ಅದು ತನ್ನ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತದೆ, ಪಾಚಿಯನ್ನು ಕೊಲ್ಲಲು ಉಳಿಯುವುದು ಸ್ವಲ್ಪ ಮಾತ್ರ. ಸ್ಟೆಬಿಲೈಸರ್ ಏರಿದಷ್ಟೂ ಆ ಸ್ವಲ್ಪವೂ ಕರಗುತ್ತಾ ಹೋಗುತ್ತದೆ. ಹಾಗಾಗಿ ಕ್ಲೋರಿನ್ ಎಷ್ಟಿದೆ ಅನ್ನೋದನ್ನ ಒಂದೇ ನೋಡಿದರೆ ಏನೂ ಗೊತ್ತಾಗಲ್ಲ. ಸ್ಟೆಬಿಲೈಸರಿನ ಸುಮಾರು ನೂರಕ್ಕೆ ಏಳೂವರೆ ಪಾಲು ಕ್ಲೋರಿನ್ ಇರಬೇಕು ಅನ್ನೋದು ಪೂಲ್ ಇಟ್ಟವರ ರೂಢಿಯ ಲೆಕ್ಕ. ಸ್ಟೆಬಿಲೈಸರ್ 40 ಇದ್ದರೆ ಕ್ಲೋರಿನ್ 3 ಸಾಕು. 100 ಇದ್ದರೆ ಅದೇ 3 ಏನೇನೂ ಸಾಲದು, ಏಳೂವರೆ ಬೇಕು. ನಿಮ್ಮ ಪಟ್ಟಿ ಸುಳ್ಳು ಹೇಳ್ತಿಲ್ಲ, ಅರ್ಧ ಕಥೆ ಹೇಳ್ತಿದೆ ಅಷ್ಟೇ.

ಅಷ್ಟೊಂದು ಸ್ಟೆಬಿಲೈಸರ್ ಬಂದಿದ್ದೆಲ್ಲಿಂದ? ನೀವು ಹಾಕ್ತಿರೋ ಮಾತ್ರೆಯಿಂದಲೇ. ಅದು ಟ್ರೈಕ್ಲೋರ್, ಕ್ಲೋರಿನ್ನೂ ಸ್ಟೆಬಿಲೈಸರ್ರೂ ಸೇರಿಯೇ ಇರುತ್ತದೆ. 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 6 ಪಿಪಿಎಂ ಸ್ಟೆಬಿಲೈಸರ್ ನೀರಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡೂವರೆ ಪಿಪಿಎಂ ಕ್ಲೋರಿನ್ ಖರ್ಚಾಗುತ್ತೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 75 ಆಯ್ತು, ಅದರ ಬೆನ್ನಿಗೆ 45 ಸ್ಟೆಬಿಲೈಸರ್. ಕ್ಲೋರಿನ್ ದಿನಾ ಖರ್ಚಾಗಿ ಹೋಗುತ್ತದೆ, ಸ್ಟೆಬಿಲೈಸರ್ ಮಾತ್ರ ಹೋಗುವುದಿಲ್ಲ. ನೀರು ಆವಿಯಾದರೂ ಅದು ಅಲ್ಲೇ ಇರುತ್ತದೆ. ಒಂದೇ ಬೇಸಿಗೆಗೆ 100 ದಾಟುವುದು ಏನೂ ಆಶ್ಚರ್ಯವಲ್ಲ. ಪುಡಿಯಲ್ಲಿ ಬರುವ ಡೈಕ್ಲೋರ್ ಅನ್ನೋ ಕ್ಲೋರಿನ್ ಇದಕ್ಕಿಂತ ಜೋರು, 10ಕ್ಕೆ 9. ಮಾತ್ರೆ ಹಾಕಿಟ್ಟರೆ ವಾರ ಪೂರ್ತಿ ಯೋಚನೆ ಇಲ್ಲ ಅನ್ನೋದು ನಿಜ. ನಾನಂತೂ ಊರಿಗೆ ಹೋಗುವಾಗ ಮಾತ್ರ ಅದನ್ನು ಮುಟ್ಟುತ್ತೇನೆ.

ಮೊದಲು ಅಳೆಯಿರಿ. ಸ್ಟೆಬಿಲೈಸರ್ ವಿಷಯದಲ್ಲಿ ಪಟ್ಟಿಯನ್ನು ನಾನು ನಂಬುವುದಿಲ್ಲ. ಕಪ್ಪು ಚುಕ್ಕಿಯ ಕೊಳವೆ ಇರುವ ಟೆಸ್ಟ್ ಕಿಟ್ ತಗೊಳ್ಳಿ. ಪೂಲಿನ ನೀರಿಗೆ ಅದರ ದ್ರಾವಣ ಬೆರೆಸಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಹಗಲು ಬೆಳಕಿನಲ್ಲಿ, ಸೂರ್ಯನಿಗೆ ಬೆನ್ನು ಹಾಕಿ, ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುತ್ತಾ ಆ ಬಿಳಿ ನೀರನ್ನು ಸ್ವಲ್ಪ ಸ್ವಲ್ಪವೇ ಅದರೊಳಗೆ ಸುರಿಯಿರಿ. ತಳದ ಚುಕ್ಕಿ ಮಸುಕಾಗಿ, ಇದೆಯೋ ಇಲ್ಲವೋ ಅನ್ನಿಸಿ, ಒಂದು ಕ್ಷಣದಲ್ಲಿ ಮಾಯವಾಗುತ್ತದೆ. ನೀರು ಆಗ ಯಾವ ಗೆರೆಯಲ್ಲಿದೆಯೋ ಅದೇ ನಿಮ್ಮ ಅಂಕಿ. ದಿಟ್ಟಿಸಿ ನೋಡ್ತಾ ಕೂರಬೇಡಿ, ಕಣ್ಣು ಆ ಚುಕ್ಕಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತೆ!

30ರಿಂದ 50ರೊಳಗೆ ಬಂದರೆ ನನ್ನ ಅನುಮಾನ ತಪ್ಪು, ಬೇರೆ ಕಾರಣ ಹುಡುಕೋಣ. 100 ಬಂದರೆ ಒಂದಷ್ಟು ನೀರು ಖಾಲಿ ಮಾಡಿ ಹೊಸ ನೀರು ತುಂಬಿಸುವುದೇ ಸರಿಯಾದ ದಾರಿ. 100ರಿಂದ 40ಕ್ಕೆ ಇಳಿಸಲು ನೂರಕ್ಕೆ 60 ಪಾಲು ನೀರು ಬದಲಾಗಬೇಕು. ಒಂದೇ ಸಲಕ್ಕೆ ಬೇಡ, ಕಂತಿನಲ್ಲಿ ಮಾಡಿ. ಪೂಲ್ ಪೂರ್ತಿ ಖಾಲಿಯಾದಾಗ ಕೆಳಗೆ ಅಂತರ್ಜಲ ಮೇಲೆ ಇದ್ದರೆ ತೊಟ್ಟಿಯೇ ನೆಲದಿಂದ ಎದ್ದುಬಿಡಬಹುದು. ಬಾಡಿಗೆ ಮನೆ ಬೇರೆ, ಮಾಲೀಕರಿಗೆ ಒಂದು ಮಾತು ಹೇಳಿಯೇ ಪಂಪ್ ಹಾಕಿ. ಆ ನೀರನ್ನು ಎಲ್ಲಿಗೆ ಬಿಡಬಹುದು ಅಂತಲೂ ಕೇಳಿಕೊಳ್ಳಿ.

ಆಮೇಲೆ ಮಾತ್ರೆ ಬಿಟ್ಟು ದ್ರವ ಕ್ಲೋರಿನ್‌ಗೆ ಬನ್ನಿ. ಅದರಲ್ಲಿ ಸ್ಟೆಬಿಲೈಸರ್ ಇಲ್ಲ. 50,000 ಲೀಟರ್ ಪೂಲ್‌ಗೆ ಲೀಟರಿಗೆ 100 ಗ್ರಾಂ ಕ್ಲೋರಿನ್ ಇರುವ ದ್ರವ ಒಂದು ಲೀಟರ್ ಹಾಕಿದರೆ 2 ಪಿಪಿಎಂ ಏರುತ್ತದೆ. ಸಂಜೆ, ಪಂಪ್ ಓಡ್ತಿರುವಾಗ ಹಾಕಿ. ಕ್ಯಾನ್ ತಂದು ಬಿಸಿಲಲ್ಲಿ ಇಡಬೇಡಿ, ಸತ್ವ ಹೋಗುತ್ತೆ. ಪಿಎಚ್ 7.2ರಿಂದ 7.8ರೊಳಗೆ ಇರಲಿ. ಈಗ ಇರುವ ಪಾಚಿ ಹೋಗಬೇಕಾದರೆ, ಸ್ಟೆಬಿಲೈಸರ್ 40ಕ್ಕೆ ಬಂದ ಮೇಲೆ, ಕ್ಲೋರಿನ್ ಅನ್ನು 16ರ ಹತ್ತಿರ ಕೆಲವು ದಿನ ನಿಲ್ಲಿಸಿ ಗೋಡೆ ಉಜ್ಜುತ್ತಿರಿ. ಆಗ ಯಾರೂ ನೀರಿಗೆ ಇಳಿಯುವುದು ಬೇಡ. ಪಾಚಿ ಸತ್ತಿದೆಯಾ ಅಂತ ತಿಳಿಯಲು ಸೂರ್ಯ ಮುಳುಗಿದ ಮೇಲೆ ಒಮ್ಮೆ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಒಮ್ಮೆ ಕ್ಲೋರಿನ್ ಅಳೆಯಿರಿ. ರಾತ್ರಿ ಕ್ಲೋರಿನ್ ತಿನ್ನಲು ಬಿಸಿಲಿಲ್ಲ, ಅಲ್ವಾ? ಒಂದು ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ಪಾಚಿ ಇನ್ನೂ ಇದೆ.

ಉಳಿದ ಮಾತ್ರೆಗಳನ್ನು ಬಿಸಾಡಬೇಕಿಲ್ಲ, ಒಣಗಿದ ಜಾಗದಲ್ಲಿ ಮುಚ್ಚಿಡಿ. ಆದರೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಅನ್ನೋ ಇನ್ನೊಂದು ಬಗೆಯ ಕ್ಲೋರಿನ್ ಪುಡಿ ತಂದರೆ ಅದನ್ನೂ ಈ ಮಾತ್ರೆಯನ್ನೂ ಒಂದೇ ಡಬ್ಬಿಗೆ, ಒಂದೇ ಚಮಚಕ್ಕೆ ತಾಗಿಸಬೇಡಿ. ಎರಡೂ ಬೆರೆತರೆ ಬೆಂಕಿ ಹತ್ತುತ್ತೆ, ಸಿಡಿಯಲೂಬಹುದು. ಚುಕ್ಕಿ ಎಷ್ಟಕ್ಕೆ ಮಾಯವಾಯ್ತು ಅಂತ ಬರೆಯಿರಿ, ಎಷ್ಟು ನೀರು ತೆಗೆಯಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.