ಸರದಿ ಬಂದಾಗ ಕಂಡ ದೋಣಿ

"ಅಕ್ಕೋರೆ, ನನಗೆ ದೇವರ ಸ್ವರ ಕೇಳಿಸುತ್ತಿಲ್ಲ. ಶಾಲೆ ಬಿಟ್ಟು ಮನೆಗೆ ಹೋಗಲೇ?" ಎಂದು ಹಾವೇರಿ ಕಡೆಯ ಹುಡುಗಿಯೊಬ್ಬಳು ಬರೆದಿದ್ದಾಳೆ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಹನ್ನೊಂದು ಪುಟ. ಮೊದಲ ಸಲ ಓದಿದಾಗ ಪಾಪ ಅನಿಸಿತು. ಚಹಾಕ್ಕೆ ನೀರಿಟ್ಟವಳು, ಎಂಟನೇ ಪುಟದ ಒಂದು ಸಾಲು ನೆನಪಾಗಿ ಒಲೆ ಆರಿಸಿ ಬಂದು ಮತ್ತೆ ಓದಿದೆ. ಈ ಸಲ ಸಿಟ್ಟು ಬಂತು. ಯಾರ ಮೇಲೆ ಎಂದು ಮುಂದೆ ಹೇಳುತ್ತೇನೆ.

ಮೊದಲು ಸಂಗತಿ ಕೇಳಿ. ಹುಡುಗಿಗೆ ಇಪ್ಪತ್ತೊಂದು, ಬಿ.ಎ. ಮುಗಿದಿದೆ, ಸಿ.ಎಸ್.ಐ. ಸಭೆಯ, ಅಂದರೆ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಚರ್ಚಿನ ಮನೆತನ. ಬೆಂಗಳೂರಿನ ಚಿಕ್ಕಮ್ಮ ಅರ್ಧ ಫೀಸು ತಾನೇ ಕೊಡುತ್ತೇನೆಂದು ಮುಂದೆ ಬಂದು ಶಿಷ್ಯತ್ವ ತರಬೇತಿ ಶಾಲೆಗೆ ಸೇರಿಸಿದ್ದಾಳೆ. ಡಿ.ಟಿ.ಎಸ್. ಅಂದರೆ ಸಭೆಯ ಹುಡುಗರಿಗೆಲ್ಲ ಗೊತ್ತು. ಉಳಿದವರಿಗೆ ಎರಡು ಮಾತು: ಇದು ಐದಾರು ತಿಂಗಳು ಅಲ್ಲೇ ಇದ್ದು ಕಲಿಯುವ ತರಬೇತಿ. ಮೊದಲ ಹನ್ನೆರಡು ವಾರ ಪಾಠ, ವಾರಕ್ಕೊಂದು ವಿಷಯ: ದೇವರ ತಂದೆತನ, ಕ್ಷಮೆ, ಹಕ್ಕು ಬಿಟ್ಟುಕೊಡುವುದು, ದೇವರ ಸ್ವರ ಕೇಳುವುದು. ಆಮೇಲೆ ಎರಡು ಮೂರು ತಿಂಗಳು ಔಟ್‌ರೀಚ್, ಬೇರೆ ಊರಿಗೆ ಹೋಗಿ ಸೇವೆ. ಬೆಳಗ್ಗೆ ಒಬ್ಬೊಬ್ಬರೇ ಕೂತು ಬೈಬಲ್ ಓದಿ ಪ್ರಾರ್ಥಿಸುವ ಕ್ವಾಯಟ್ ಟೈಮ್, ಮಧ್ಯಾಹ್ನ ಅಡುಗೆಮನೆಯದೋ ಬಾತ್‌ರೂಮಿನದೋ ಡ್ಯೂಟಿ, ರಾತ್ರಿ ಜರ್ನಲ್ ಬರೆಯುವುದು. ಲೊರೆನ್ ಕನ್ನಿಂಗ್‌ಹ್ಯಾಮ್ 1960ರಲ್ಲಿ ಕಟ್ಟಿದ 'ಯೂತ್ ವಿತ್ ಎ ಮಿಷನ್'ನಿಂದ ಈ ಮಾದರಿ ಹರಡಿತು. ಈಗ ಅನೇಕರು ನಡೆಸುತ್ತಾರೆ. ಈಕೆ ಇರುವುದು ಯಾರ ಶಾಲೆಯಲ್ಲಿ ಎಂದು ಬರೆದಿಲ್ಲ, ನನಗೂ ಬೇಡ.

ಪ್ರತಿ ಗುರುವಾರ ಸಂಜೆ ಅಲ್ಲಿ ಲಿಸನಿಂಗ್ ಪ್ರೇಯರ್. ಎಂಟು ಪ್ಲಾಸ್ಟಿಕ್ ಕುರ್ಚಿ ಸುತ್ತ ಹಾಕಿ ಕೂರುತ್ತಾರೆ. ಒಬ್ಬ ಹುಡುಗ ಮೆಲ್ಲಗೆ ಗಿಟಾರ್ ನುಡಿಸುತ್ತಾನೆ, ಐದು ನಿಮಿಷ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಗಿಟಾರ್ ನಿಂತ ಮೇಲೆ ಗ್ರೂಪ್ ಲೀಡರ್ ಬಲಗಡೆಯಿಂದ ಶುರು ಮಾಡುತ್ತಾಳೆ: ನಿಮಗೇನು ಸಿಕ್ಕಿತು? ಒಬ್ಬರಿಗೆ ಬೈಬಲಿನ ವಚನ, ಒಬ್ಬರಿಗೆ ಚಿತ್ರ, ಒಬ್ಬರಿಗೆ ಯಾವುದೋ ದೇಶದ ಹೆಸರು. ನಮ್ಮ ಹುಡುಗಿಗೆ ವಾರ ವಾರ ಕೇಳಿಸಿದ್ದು ಫ್ಯಾನಿನ ಕಟಕಟ. ಅದನ್ನು ಎಷ್ಟು ಚೆನ್ನಾಗಿ ಬರೆದಿದ್ದಾಳೆ ಅಂದರೆ, "ಮೂರು ಸುತ್ತಿಗೆ ಒಮ್ಮೆ ಕಟ್ ಅನ್ನುತ್ತದೆ ಅಕ್ಕೋರೆ, ನಾನು ಎಣಿಸಿದ್ದೇನೆ." ಏಳು ಪುಟದವರೆಗೆ ಈ ಒಣ ಬಾವಿಯದೇ ಕಥೆ.

ಎಂಟನೇ ಪುಟದಲ್ಲಿ ಹೀಗಿದೆ: "ಒಂದು ಗುರುವಾರ ನನ್ನ ಸರದಿ ಬಂದಾಗ ತಡೆಯಲಾಗದೆ ದೋಣಿ ಕಂಡಿತು ಎಂದುಬಿಟ್ಟೆ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಕೇರಳದ ದೋಣಿ ಇತ್ತು. ರೂಮ್‌ಮೇಟ್ ಅದು ತನಗೇ ಬಂದ ಮಾತು ಅಂತ ಅತ್ತಳು, ಆಸ್ಪತ್ರೆ ಕೆಲಸಕ್ಕೆ ಹೋಗಲ್ಲ ಅಂತಿದ್ದಾಳೆ. ಇರಲಿ, ಅದು ಅವಳ ವಿಷಯ. ನನ್ನ ತೊಂದರೆ ಏನಂದರೆ..."

ಇರಲಿ ಅಂದರೆ ಏನು ತಂಗಿ? ಯಾಕೆ ಇರಬೇಕು?

ಆ ರೂಮ್‌ಮೇಟ್ ಬಗ್ಗೆ ನೀನು ಅಲ್ಲೊಂದು ಇಲ್ಲೊಂದು ಸಾಲು ಚೆಲ್ಲಿದ್ದೀಯ. ಒಟ್ಟುಗೂಡಿಸಿದರೆ ಅವಳ ಕಥೆ ನಿನ್ನ ಕಥೆಗಿಂತ ಭಾರ. ಬೀದರ್ ಕಡೆಯವಳು. ಅಪ್ಪ ಬಸ್ ಕಂಡಕ್ಟರ್. ಮೂರು ವರ್ಷ ಜಿ.ಎನ್.ಎಂ. ಓದಿ ನರ್ಸ್ ಆಗಿದ್ದಾಳೆ. ಕಲಬುರಗಿಯ ಆಸ್ಪತ್ರೆಯವರು ಕೋರ್ಸ್ ಮುಗಿಸಿ ಬಾ, ಕೆಲಸ ಇಟ್ಟಿರುತ್ತೇವೆ ಅಂದಿದ್ದಾರೆ. ಮನೆಯಲ್ಲಿ ಇನ್ನೂ ಇಬ್ಬರು ತಂಗಿಯರು ಓದುವುದಿದೆ. ಆ ಗುರುವಾರ ಅವಳು ಪ್ರಾರ್ಥನೆಗೆ ಇಟ್ಟದ್ದೇ ಈ ಪ್ರಶ್ನೆ: ಕೆಲಸಕ್ಕೆ ಹೋಗಲೋ, ಸೇವೆಗೆ ಹೋಗಲೋ? ನೀನು ಕ್ಯಾಲೆಂಡರ್ ನೋಡಿ ದೋಣಿ ಅಂದೆ. ಅವಳು ಅದನ್ನು ಹಡಗು ಎಂದು ತಿಳಿದಳು. ಈಗ ಮರ್ಸಿ ಶಿಪ್ಸ್‌ನ ಆಸ್ಪತ್ರೆ ಹಡಗಿಗೆ ಹೋಗುತ್ತೇನೆ, ಅಲ್ಲಿಯವರೆಗೆ ಇಲ್ಲೇ ಸ್ಟಾಫ್ ಆಗಿ ಇರುತ್ತೇನೆ ಅನ್ನುತ್ತಿದ್ದಾಳೆ. ಭಾನುವಾರ ಫೋನು ಕೈಗೆ ಸಿಕ್ಕಾಗ ಕಲಬುರಗಿಗೆ ಬರುವುದಿಲ್ಲ ಎಂದು ಹೇಳುವವಳಿದ್ದಾಳೆ.

ಆ ಹಡಗಿನ ಕೆಲಸ ದೊಡ್ಡದೇ. 1978ರಲ್ಲಿ ಶುರುವಾದದ್ದು. ಬಡ ದೇಶದ ಬಂದರಿನಲ್ಲಿ ನಿಂತು ಆಪರೇಷನ್ ಮಾಡಿಸಿ ಕಳಿಸುವ ಹಡಗು. ಆದರೆ ಅಲ್ಲಿ ಬೇಕಾದದ್ದು ವಾರ್ಡಿನಲ್ಲಿ ಕೆಲಸ ಮಾಡಿ ಪಳಗಿದ ನರ್ಸ್. ದುಡಿಯುವವರಿಗೆ ಸಂಬಳವಿಲ್ಲ, ಖರ್ಚು ತಾವೇ ಹೊಂದಿಸಿಕೊಳ್ಳಬೇಕು. ಅಂದರೆ ಅವಳು ನಿಜವಾಗಿ ಹಡಗು ಹತ್ತಬೇಕೆಂದಿದ್ದರೂ ದಾರಿ ಕಲಬುರಗಿಯ ಮೂಲಕವೇ ಹೋಗುತ್ತದೆ! ಇದನ್ನು ಆ ಎಂಟು ಕುರ್ಚಿಗಳಲ್ಲಿ ಒಬ್ಬರೂ ಹೇಳಲಿಲ್ಲವೇ?

ನಿನ್ನ ಮೇಲೆ ನನಗೆ ಪೂರ್ತಿ ಸಿಟ್ಟಿಲ್ಲ. ನಾನೂ ಆ ಕುರ್ಚಿಯಲ್ಲಿ ಕೂತವಳೇ. ಧಾರವಾಡದಲ್ಲಿ ಬೋರ್ಡಿಂಗಿನಲ್ಲಿದ್ದಾಗ ವರ್ಷಕ್ಕೊಮ್ಮೆ ಉಜ್ಜೀವನ ಕೂಟ ನಡೆಯುತ್ತಿತ್ತು. ಕೊನೆಯ ದಿನ ಒಬ್ಬೊಬ್ಬರೇ ಎದ್ದು ಸಾಕ್ಷಿ, ಅಂದರೆ ದೇವರಿಂದ ತನ್ನಲ್ಲೇನು ಬದಲಾಯಿತು ಎಂದು ಹೇಳಬೇಕು. ನನ್ನ ಮುಂದಿನವಳು ಸುಳ್ಳು ಹೇಳುವುದನ್ನು ಬಿಟ್ಟೆ ಅಂದಳು, ಅವಳ ಮುಂದಿನವಳು ಸಿಟ್ಟು ಬಿಟ್ಟೆ ಅಂದಳು. ನನಗೆ ಬಿಡಲು ಏನೂ ಉಳಿದಿರಲಿಲ್ಲ. ಚಹಾ ಬಿಟ್ಟೆ ಅಂದೆ. ವಾರ್ಡನ್ನರು ಎಷ್ಟು ಸಂತೋಷಪಟ್ಟರೆಂದರೆ ಆ ವರ್ಷ ಮುಗಿಯುವ ತನಕ ನನ್ನ ಲೋಟಕ್ಕೆ ಚಹಾ ಬೀಳಲಿಲ್ಲ. ಪಂಕ್ತಿಯಲ್ಲಿ ಕೂತು ಬಿಸಿನೀರು ಕುಡಿಯುತ್ತ ಪಕ್ಕದವಳ ಲೋಟದ ಹಬೆ ನೋಡುತ್ತಿದ್ದೆ. ಆದರೆ ನನ್ನ ಸುಳ್ಳು ನನ್ನ ಲೋಟದಲ್ಲೇ ಉಳಿಯಿತು. ನಿನ್ನದು ಇನ್ನೊಬ್ಬಳ ತಟ್ಟೆಗೆ ಬಿದ್ದಿದೆ.

ಬೈಬಲಿನ ಅರಸುಗಳು ಮೊದಲನೇ ಭಾಗ, ಹದಿಮೂರನೇ ಅಧ್ಯಾಯ. ಕ್ವಾಯಟ್ ಟೈಮಿನಲ್ಲಿ ಯಾರೂ ಇದನ್ನು ಆರಿಸಿಕೊಳ್ಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಯೆಹೂದದಿಂದ ಒಬ್ಬ ದೇವರ ಮನುಷ್ಯ ಬೇತೇಲಿಗೆ ಬರುತ್ತಾನೆ. ಅಲ್ಲಿ ರೊಟ್ಟಿ ತಿನ್ನಬೇಡ, ನೀರು ಕುಡಿಯಬೇಡ, ಬಂದ ದಾರಿಯಲ್ಲಿ ಹಿಂದಿರುಗಬೇಡ ಎಂದು ಅವನಿಗೆ ಆಜ್ಞೆಯಾಗಿದೆ. ಸ್ವತಃ ಅರಸನೇ ಊಟಕ್ಕೆ ಕರೆದರೂ ಒಲ್ಲೆ ಅನ್ನುತ್ತಾನೆ. ಹಿಂದಿರುಗುವಾಗ ಮರದಡಿ ಕೂತಿದ್ದಾನೆ. ಬೇತೇಲಿನ ಒಬ್ಬ ಮುದಿ ಪ್ರವಾದಿ ಕತ್ತೆ ಏರಿ ಹುಡುಕಿಕೊಂಡು ಬಂದು, ನಾನೂ ನಿನ್ನಂಥ ಪ್ರವಾದಿಯೇ, ನಿನ್ನನ್ನು ಮನೆಗೆ ಕರೆದು ಊಟ ಕೊಡು ಎಂದು ದೇವದೂತ ಹೇಳಿದ್ದಾನೆ ಅನ್ನುತ್ತಾನೆ. ಅದು ಸುಳ್ಳು. ಇವನು ನಂಬಿ ಹೋಗಿ ಉಂಡ. ಹಿಂದಿರುಗುವ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ಹೆಣದ ಒಂದು ಪಕ್ಕ ಕತ್ತೆ, ಒಂದು ಪಕ್ಕ ಸಿಂಹ, ಎರಡೂ ಸುಮ್ಮನೆ ನಿಂತಿದ್ದವಂತೆ.

ಸುಳ್ಳು ಹೇಳಿದವನಿಗೆ ಸಿಂಹ ಎದುರಾಗಲಿಲ್ಲ ನೋಡು, ನಂಬಿದವನಿಗೆ ಎದುರಾಯಿತು. ಮುದುಕ ಹೋಗಿ ಹೆಣ ಹೊತ್ತು ತಂದ, ತನ್ನ ಸಮಾಧಿಯಲ್ಲೇ ಹೂಳಿದ, ಅಯ್ಯೋ ನನ್ನ ಸಹೋದರನೇ ಎಂದು ಅತ್ತ. ಅವನೇಕೆ ಸುಳ್ಳು ಹೇಳಿದ ಎಂದು ಬೈಬಲ್ ಹೇಳುವುದಿಲ್ಲ. ನನಗೆ ಅನಿಸುವುದು, ಎಷ್ಟೋ ವರ್ಷಗಳಿಂದ ಅವನಿಗೂ ಏನೂ ಕೇಳಿಸಿರಲಿಲ್ಲ.

ನಿನಗೆ ಕೇಳಿಸದಿರುವ ವಿಷಯವನ್ನು ಬೇಗ ಮುಗಿಸುತ್ತೇನೆ, ಅದು ರೋಗವಲ್ಲ. ಯೆರೆಮೀಯ ನಲವತ್ತೆರಡನೇ ಅಧ್ಯಾಯ ತೆಗೆ. ಜನರೆಲ್ಲ ಬಂದು ನಮಗಾಗಿ ದೇವರನ್ನು ಕೇಳು ಅಂದರು. ಉತ್ತರ ಬರಲು ಹತ್ತು ದಿನ ಹಿಡಿಯಿತು. ಯೆರೆಮೀಯನಂಥವನು ಹತ್ತು ದಿನ ಬಾಯಿ ಮುಚ್ಚಿ ಕಾದ. ನಿಮಗೆ ಐದು ನಿಮಿಷ, ಅದರಲ್ಲೂ ಗಿಟಾರ್ ಬೇರೆ! ಇನ್ನು ಕನ್ನಿಂಗ್‌ಹ್ಯಾಮ್ ಅವರದೇ ಕಥೆ ನಿಮಗೆ ಹೇಳಿರುತ್ತಾರೆ: ಬಹಾಮಾಸಿನಲ್ಲಿ ಅಲೆಗಳು ಭೂಪಟದ ದಡ ದಡಕ್ಕೆ ಅಪ್ಪಳಿಸಿ ಯುವಜನರಾಗಿ ಬದಲಾದಂತೆ ಕಂಡದ್ದು. ಅದು ಕಂಡದ್ದು 1956ರಲ್ಲಿ, ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಅಲೆ ಹೇಳುವವರು ನಡುವಿನ ನಾಲ್ಕು ವರ್ಷವನ್ನೂ ಹೇಳಬೇಕು. ನಿನ್ನ ರೂಮ್‌ಮೇಟ್ ನಾಲ್ಕು ದಿನವೂ ಕಾಯಲಿಲ್ಲ.

ಇನ್ನೊಂದು ಮಾತು. ಈ ಅಂಕಣ ಓದುವವರಿಗೆ ನನ್ನ ಈ ಹಟ ಹೊಸದಲ್ಲ, ಬೇಕಾದರೆ ನಗಲಿ. ನಿಮ್ಮ ಗುಂಪಿನಲ್ಲಿ ಪ್ರಾರ್ಥನೆ, ಹಾಡು, ಜರ್ನಲ್ ಎಲ್ಲ ಇಂಗ್ಲಿಷಿನಲ್ಲಿ ಎಂದು ಬರೆದಿದ್ದೀಯ. ನೀನು ಕನ್ನಡ ಮಾಧ್ಯಮದವಳು. ಬರುವ ಮಾತು ಇಂಗ್ಲಿಷಿನಲ್ಲೇ ಬರುತ್ತದೆಂದು ಕಾಯುತ್ತ ಕೂತರೆ ಏನು ಕೇಳಿಸೀತು? ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಷನ್ನಿನವನು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸುಮಾರು ಇಪ್ಪತ್ತು ವರ್ಷ ಬೈಬಲ್ ಅನುವಾದಕ್ಕೆ ಕೂತದ್ದು ಸುಮ್ಮನೆ ಅಲ್ಲ. ನಿನ್ನ ಅವ್ವ ಅಕ್ಕಿ ಆರಿಸುತ್ತ ಗುನುಗುವ ಹಾಡು ಯಾವ ಭಾಷೆಯದು? ಆ ಭಾಷೆಯಲ್ಲಿ ಒಂದು ವಾರ ಜರ್ನಲ್ ಬರೆ. ಸ್ವರ ಕೇಳಿಸುತ್ತದೆ ಎಂಬ ಗ್ಯಾರಂಟಿ ಕೊಡಲಾರೆ. ಸ್ಪೆಲ್ಲಿಂಗ್ ಭಯ ಮಾತ್ರ ಹೋಗುತ್ತದೆ.

ಈಗ ಸಿಟ್ಟು ಯಾರ ಮೇಲೆ ಎಂದು ಹೇಳುತ್ತೇನೆ. ಗ್ರೂಪ್ ಲೀಡರ್ ಮೇಲೆ ಎಂದು ನೀವೆಲ್ಲ ಊಹಿಸಿರುತ್ತೀರಿ. ಅವಳದೂ ತಪ್ಪಿದೆ. ಹಾಜರಿ ಕೂಗಿದ ಹಾಗೆ ಸರದಿಯಲ್ಲಿ ಕೇಳಿದರೆ ಯಾರು ತಾನೇ 'ಇಲ್ಲ' ಅಂತಾರೆ? ಪ್ರವಾದಿಗಳು ಇಬ್ಬರು ಮೂವರು ಮಾತಾಡಲಿ, ಮಿಕ್ಕವರು ಅದನ್ನು ತೂಗಿ ನೋಡಲಿ ಎಂದು ಪೌಲ ಕೊರಿಂಥದವರಿಗೆ ಬರೆದ. ಇಲ್ಲಿ ಎಂಟು ಜನರೂ ಮಾತಾಡಿದರು, ತೂಗುವವರು ಯಾರೂ ಉಳಿಯಲಿಲ್ಲ. ಆದರೂ ಅವಳಿಗೆ ಇಪ್ಪತ್ತನಾಲ್ಕು ವರ್ಷ, ಸಂಬಳವಿಲ್ಲದ ಸೇವೆ, ಎಂಟು ಜನರ ಅಳು ಅವಳೊಬ್ಬಳ ತಲೆ ಮೇಲೆ. ಬಿಟ್ಟುಬಿಡೋಣ.

ಚಿಕ್ಕಮ್ಮನನ್ನು ಬಿಡುವುದಿಲ್ಲ. "ಚಿಕ್ಕಮ್ಮ ಪ್ರತಿ ಭಾನುವಾರ ಫೋನ್ ಮಾಡಿ, ಈ ವಾರ ದೇವರು ಏನಂದ ಅಂತ ಕೇಳುತ್ತಾಳೆ, ಪ್ರೀತಿಯಿಂದ" ಎಂದು ಮೂರನೇ ಪುಟದಲ್ಲಿ ಬರೆದಿದ್ದೀಯ. ಆ 'ಪ್ರೀತಿಯಿಂದ' ಎಂಬುದನ್ನು ಆಮೇಲೆ ಸೇರಿಸಿದ್ದು ಇಂಕಿನ ಬಣ್ಣದಲ್ಲೇ ಗೊತ್ತಾಗುತ್ತದೆ. ಚೀಟಿ ಹಣ ಹಾಕಿದವರು ತಿಂಗಳು ತಿಂಗಳು ಲೆಕ್ಕ ಕೇಳುತ್ತಾರೆ, ಸರಿ. ಅರ್ಧ ಫೀಸು ಕೊಟ್ಟವಳು ವಾರ ವಾರ ದೇವರ ಲೆಕ್ಕ ಕೇಳಿದರೆ ಹುಡುಗಿ ಕ್ಯಾಲೆಂಡರ್ ನೋಡದೆ ಇನ್ನೇನು ಮಾಡುತ್ತಾಳೆ? ಚಿಕ್ಕಮ್ಮನವರೇ, ನೀವು ಇದನ್ನು ಓದುತ್ತೀರಿ ಎಂದು ಗೊತ್ತು, ಏಕೆಂದರೆ ಈ ಅಂಕಣವನ್ನು ಕತ್ತರಿಸಿ ಅವಳಿಗೆ ಕಳಿಸುವವರು ನೀವೇ ಅಂತೆ. ಮುಂದಿನ ಭಾನುವಾರ ಫೋನ್ ಮಾಡಿ ಊಟಕ್ಕೇನಿತ್ತು ಎಂದು ಕೇಳಿ. ಅದಕ್ಕೆ ಅವಳು ನಿಜ ಹೇಳುತ್ತಾಳೆ.

ಇನ್ನು ನೀನು ಮಾಡಬೇಕಾದದ್ದು. ಒಂದೇ ಕೆಲಸ. ಭಾನುವಾರ ಬರುವ ಮೊದಲು, ಅವಳ ಕೈಗೆ ಫೋನು ಸಿಗುವ ಮೊದಲು, ಅವಳಿಗೆ ಹೇಳು.

ಗುಂಪಿನಲ್ಲಿ ಬೇಡ. ಅಲ್ಲಿ ಹೇಳಿದರೆ ಅದೂ ಒಂದು ಸಾಕ್ಷಿಯಾಗಿ, ಗಿಟಾರ್ ಶುರುವಾಗಿ, ಎಲ್ಲರೂ ನಿನ್ನನ್ನು ತಬ್ಬಿಕೊಂಡು ಅತ್ತು, ಅವಳ ಕಲಬುರಗಿ ಮತ್ತೆ ಮೂಲೆಗೆ ಸೇರುತ್ತದೆ. ಲೀಡರ್ ಮೂಲಕವೂ ಬೇಡ, ಚೀಟಿ ಬರೆದು ದಿಂಬಿನಡಿ ಇಡುವುದಂತೂ ಬೇಡವೇ ಬೇಡ. ನಿಮ್ಮಿಬ್ಬರಿಗೂ ಶುಕ್ರವಾರ ಸಂಜೆ ಚಪಾತಿ ಡ್ಯೂಟಿ ಎಂದು ಬರೆದಿದ್ದೀಯ, ನಲವತ್ತು ಜನಕ್ಕೆ. ಅವಳು ಲಟ್ಟಿಸುತ್ತಾಳೆ, ನೀನು ಬೇಯಿಸುತ್ತೀಯ. ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೈಗೆ ಕೆಲಸವಿರುತ್ತದೆ, ಮುಖ ನೋಡಬೇಕಾಗಿಲ್ಲ, ಅರ್ಧಕ್ಕೆ ಎದ್ದು ಹೋಗುವಂತೆಯೂ ಇಲ್ಲ.

ಇಷ್ಟು ಹೇಳು: "ಆವತ್ತು ದೋಣಿ ಅಂದೆನಲ್ಲ, ಅದು ನನಗೆ ಕಂಡಿರಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಹೇಳಿದೆ. ಸರದಿ ಬಂತು, ಭಯ ಆಯಿತು." ಮುಂದೆ ಒಂದು ಮಾತೂ ಸೇರಿಸಬೇಡ. ಆದರೂ ದೇವರು ಅದನ್ನು ಬಳಸಿಕೊಂಡಿರಬಹುದು ಎಂಬ ಬಾಲ ಹಚ್ಚಬೇಡ. ಆ ಬಾಲ ನಿನ್ನ ಸಮಾಧಾನಕ್ಕೆ, ಅವಳಿಗಲ್ಲ.

ಅವಳು ಬೈಯಬಹುದು. ರೂಮ್ ಬದಲಾಯಿಸಿ ಕೊಡಿ ಅನ್ನಬಹುದು. ಅಥವಾ ದೋಣಿ ಸುಳ್ಳಾದರೂ ಹಡಗಿಗೆ ಹೋಗುತ್ತೇನೆ ಅನ್ನಬಹುದು. ಹೋಗಲಿ, ಆಗ ಅದು ಅವಳ ವಿಷಯ. ಈಗ ಅಲ್ಲ.

ಶಾಲೆ ಬಿಡಲೇ ಎಂದು ಕೇಳಿದೆ. ಶುಕ್ರವಾರ ಆದ ಮೇಲೆ ಮತ್ತೆ ಬರೆ, ಆಗ ಉತ್ತರಿಸುತ್ತೇನೆ. ಹನ್ನೊಂದು ಪುಟ ಬೇಡ, ಒಂದು ಕಾರ್ಡ್ ಸಾಕು. ಅವಳು ಏನಂದಳು ಎಂಬುದನ್ನೇ ಮೊದಲ ಸಾಲಿನಲ್ಲಿ ಬರೆ.