ನದಿಯೊಂದೇ ನಗರವನ್ನು ಕಟ್ಟುವುದೇ?

ಪ್ರಶ್ನೆ: ಪ್ರಾಚೀನ ನಾಗರಿಕತೆಗಳು ನದಿ ಬಯಲುಗಳಲ್ಲಿ ಹುಟ್ಟಿದವೆಂದು ಪಠ್ಯಪುಸ್ತಕ ಹೇಳುತ್ತದೆ. ಹೇಮಾವತಿ, ಯಗಚಿ ಹರಿಯುವ ನಮ್ಮ ಸೀಮೆಯಲ್ಲಿ ಹರಪ್ಪದಂಥ ನಗರ ಏಕೆ ಹುಟ್ಟಲಿಲ್ಲ?
ಓದುಗರೊಬ್ಬರು, ಬೇಲೂರು

ಉತ್ತರ: ಪಠ್ಯದ ಆ ಮಾತು ಅರ್ಧ ಸತ್ಯ. ನೀರಿನಷ್ಟೇ ಮುಖ್ಯವಾದದ್ದು ನೆರೆ ತಂದು ಹರಡುವ ಮೆಕ್ಕಲು ಮಣ್ಣು, ಅದಕ್ಕೆ ತಕ್ಕ ವಿಶಾಲ ಬಯಲು ಮತ್ತು ಬೆಳೆದವರು ಉಂಡ ಮೇಲೂ ಮಿಗುವ ಧಾನ್ಯ. ಆ ಮಿಗುತಾಯವಿದ್ದರೆ ಮಾತ್ರ ಕುಂಬಾರ, ಕಂಚುಗಾರ, ಲಿಪಿಕಾರ, ಪುರೋಹಿತರು ಹೊಲಕ್ಕಿಳಿಯದೆ ಬದುಕಬಲ್ಲರು. ಪುರಾತತ್ವಜ್ಞ ಗಾರ್ಡನ್ ಚೈಲ್ಡ್ ಈ ಬದಲಾವಣೆಯನ್ನು 'ನಗರ ಕ್ರಾಂತಿ' ಎಂದು ಕರೆದು, 1950ರ ಲೇಖನದಲ್ಲಿ ಅದರ ಲಕ್ಷಣಗಳನ್ನು ವಿವರಿಸಿದರು.

ನದಿಗಳ ಸ್ವಭಾವವೂ ಒಂದೇ ಅಲ್ಲ. ನೈಲ್ ನದಿ ಬೇಸಿಗೆಯ ಕೊನೆಯಲ್ಲಿ ಉಕ್ಕಿ, ಇಳಿಯುವಾಗ ಬಿತ್ತನೆಗೆ ಹದವಾದ ನೆಲವನ್ನು ಬಿಟ್ಟುಹೋಗುತ್ತಿತ್ತು. ಆದರೆ ಇಂದಿನ ಇರಾಕಿನಲ್ಲಿ ಹರಿಯುವ ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳು ವಸಂತದಲ್ಲಿ, ಪೈರು ಕೊಯ್ಲಿಗೆ ಬರುವ ಹೊತ್ತಿಗೆ ಉಕ್ಕುತ್ತಿದ್ದುದರಿಂದ, ಅಲ್ಲಿನ ಪ್ರಾಚೀನ ಸುಮೇರ್ ಸೀಮೆಯ ಜನ ಏರಿ ಕಟ್ಟಿ ನೀರನ್ನು ತಡೆಯಬೇಕಾಗಿತ್ತು, ಬೇಕಾದಾಗ ಕಾಲುವೆಯಲ್ಲಿ ಹಾಯಿಸಿಕೊಳ್ಳಬೇಕಾಗಿತ್ತು. ಸುಮೇರಿನ ಉರುಕ್ ನಗರದಲ್ಲಿ ಕ್ರಿ.ಪೂ. 3200ರ ಸುಮಾರಿಗೆ ಸೇರಿದ ಮಣ್ಣಿನ ಹಲಗೆಗಳಲ್ಲಿ ಬಹುಪಾಲು ಧಾನ್ಯ, ಜಾನುವಾರು, ಕೂಲಿಗಳ ಲೆಕ್ಕವೇ ಇದೆ. ಬರವಣಿಗೆ ಅಲ್ಲಿ ಕಾವ್ಯಕ್ಕಿಂತ ಮೊದಲು ಉಗ್ರಾಣದ ಕೆಲಸಕ್ಕೆ ಬಂದಿತೆಂಬುದು ನನಗೆ ಬಹಳ ಮಹತ್ವದ್ದೆನಿಸುತ್ತದೆ.

ನೀರಾವರಿಯೇ ನಿರಂಕುಶ ಪ್ರಭುತ್ವವನ್ನು ಹುಟ್ಟಿಸಿತೆಂದು ಇತಿಹಾಸಕಾರ ಕಾರ್ಲ್ ವಿಟ್‌ಫೊಗೆಲ್ 1957ರಲ್ಲಿ ವಾದಿಸಿದರು. ಅದನ್ನು ಸಾರಾಸಗಟಾಗಿ ಒಪ್ಪಲಾಗದು. ಹರಪ್ಪದ ಕಾಲದ್ದೇ ಆದ ಸಿಂಧೂ ಬಯಲಿನ ಮೊಹೆಂಜೊದಾರೊದಲ್ಲಿ ಒಳಚರಂಡಿಗಳಿವೆ, ನಿಗದಿತ ಅಳತೆಯ ಇಟ್ಟಿಗೆಗಳಿವೆ, ಏಕರೂಪದ ತೂಕದ ಕಲ್ಲುಗಳಿವೆ. ಆದರೆ ಅರಮನೆಯೆಂದು ಖಚಿತವಾಗಿ ಗುರುತಿಸಬಹುದಾದ ಕಟ್ಟಡವಾಗಲಿ, ವೈಭವದ ರಾಜಸಮಾಧಿಯಾಗಲಿ ಸಿಕ್ಕಿಲ್ಲ.

ಇನ್ನು ನಿಮ್ಮ ಸೀಮೆಯ ವಿಷಯ. ಯಗಚಿ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ, ಹೇಮಾವತಿ ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿ, ಮಳೆಕಾಡುಗಳ ನಡುವಿನ ಇಕ್ಕಟ್ಟಾದ ಕಣಿವೆಗಳಲ್ಲಿ ಇಳಿದುಬರುತ್ತವೆ. ಸಿಂಧೂ ಬಯಲಿನಷ್ಟು ಮೆಕ್ಕಲು ಹರಡುವ ಜಾಗ ಅವಕ್ಕಿಲ್ಲ. ಹರಪ್ಪದ ನಗರಗಳು ಏಳಿಗೆಯಲ್ಲಿದ್ದ ಕಾಲದಲ್ಲೇ ಕರ್ನಾಟಕದ ಒಣ ಬಯಲುಗಳಲ್ಲಿ ದನ ಸಾಕುತ್ತ, ಹುರುಳಿ ಮತ್ತು ಕಿರುಧಾನ್ಯ ಬೆಳೆಯುತ್ತಿದ್ದ ನವಶಿಲಾಯುಗದ ಜನರಿದ್ದರು, ಬಳ್ಳಾರಿ ಕಡೆಯ ಬೂದಿದಿಬ್ಬಗಳು, ಅಂದರೆ ದನದ ಸಗಣಿ ಸುಟ್ಟು ಉಳಿದ ಬೂದಿಯ ಗುಡ್ಡೆಗಳು, ಅವರವೇ. ಅವರನ್ನು ಹಿಂದುಳಿದವರೆಂದು ಎಣಿಸುವುದು ತಪ್ಪು, ಏಕೆಂದರೆ ತಮ್ಮ ನೆಲಕ್ಕೂ ಮಳೆಗೂ ಹೊಂದುವ ಬದುಕನ್ನೇ ಅವರು ಕಟ್ಟಿಕೊಂಡಿದ್ದರು. ನಿಮ್ಮ ನೆರೆಯ ಹಳೇಬೀಡಿನಲ್ಲಿ ಹೊಯ್ಸಳರ ರಾಜಧಾನಿ ಬೆಳೆದದ್ದು ಬಹುಕಾಲದ ನಂತರ, ಕಟ್ಟೆ ಹಾಕಿ ನೀರು ನಿಲ್ಲಿಸಿದ ದೊಡ್ಡ ಕೆರೆಯ ಪಕ್ಕದಲ್ಲಿ.